ಗುಡ್ಡ ಜರಿದದ್ದು ಕಂಡರೆ ದಯವಿಟ್ಟು ತಿಳಿಸಿ

ಚೌಡಾಪುರದಿಂದ ಗಾಣಗಾಪುರದತ್ತ ಹೊರಟರೆ ದಾರಿಯುದ್ದಕ್ಕೂ ಎರೆ ಹೊಲ, ತೊಗರಿ, ಕಬ್ಬು. ಗುಡ್ಡ ಜರಿಯುವ ಭಯ ಈ ಬಯಲಿಗಿಲ್ಲ. ಹಾಗಿದ್ದೂ ಈ ಮನವಿ ಮೊದಲು ನಿಮಗೇ, ಭೀಮಾ ತೀರದ ಬಂಧುಗಳಿಗೆ.

ನಮ್ಮ ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅದೇ ಸೀಮೆಯ ಮಾಳೀಣ ಎಂಬ ಊರಿನ ಮೇಲೆ 2014ರ ಜುಲೈ 30ರಂದು ಗುಡ್ಡ ಕುಸಿಯಿತು. 150ಕ್ಕೂ ಹೆಚ್ಚು ಜನ ಮಣ್ಣಿನಡಿ ಜೀವ ಬಿಟ್ಟರು. ಸುದ್ದಿ ಮುಟ್ಟಿಸಿದವರು ಆ ದಾರಿಯಲ್ಲಿ ಬಂದ ಸರ್ಕಾರಿ ಬಸ್ಸಿನ ಚಾಲಕರು. ಊರು ಇರಬೇಕಾದ ಜಾಗದಲ್ಲಿ ಅವರಿಗೆ ಊರೇ ಕಾಣಲಿಲ್ಲ. ಸರಿಯಾಗಿ ಹತ್ತು ವರ್ಷಕ್ಕೆ, 2024ರ ಜುಲೈ 30ರಂದು, ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಅದಕ್ಕೆ ಎರಡು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಚಹಾದಂಗಡಿಯ ಮೇಲೆ ಬಿದ್ದು, ನಿಂತಿದ್ದ ಲಾರಿಯನ್ನೂ ಗಂಗಾವಳಿ ನದಿಗೆ ನೂಕಿತು.

ಯಾವ ಇಳಿಜಾರು ಜರಿದೀತು ಎಂದು ತೋರಿಸುವ ನಕ್ಷೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಲ್ಲಿ ಈ ಕೆಲಸವನ್ನು ರಾಷ್ಟ್ರಮಟ್ಟದಲ್ಲಿ ಆರಂಭಿಸಿತು. ಇಳಿಜಾರು ಎಷ್ಟು ಕಡಿದು, ಬಂಡೆಯ ಮೇಲೆ ಮಣ್ಣು ಎಷ್ಟು ದಪ್ಪ, ನೀರು ಎತ್ತ ಹರಿಯುತ್ತದೆ, ಕಾಡಿದೆಯೋ ತೋಟವಿದೆಯೋ ಎಂದೆಲ್ಲ ನೋಡಿ ಹೆಚ್ಚು, ಮಧ್ಯಮ, ಕಡಿಮೆ ಎಂದು ಬಣ್ಣ ಹಚ್ಚುತ್ತಾರೆ. ಆದರೆ ಆ ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಹಿತ್ತಲಲ್ಲಿ ಜೆಸಿಬಿ ಕಡಿದ ದರೆ ಅದರಲ್ಲಿ ಕಾಣದು. ಹಚ್ಚಿದ ಬಣ್ಣ ಸರಿಯೋ ತಪ್ಪೋ ಎಂದು ತಿಳಿಯುವುದಕ್ಕೂ ಹಿಂದಿನ ಕುಸಿತಗಳ ದಾಖಲೆ ಬೇಕು. ರಸ್ತೆ ಮುಚ್ಚಿದ್ದು ದಾಖಲಾಗುತ್ತದೆ. ತೋಟದ ಮೂಲೆಯಲ್ಲಿ ಜರಿದದ್ದು ಒಂದೆರಡು ಮಳೆಗಾಲದಲ್ಲಿ ಹುಲ್ಲು ಬೆಳೆದು ಮರೆಯಾಗುತ್ತದೆ.

ಇಲ್ಲಿ ನಿಮ್ಮ ನೆರವು ಬೇಕು. ಧರ್ಮಸ್ಥಳಕ್ಕೋ ಗೋಕರ್ಣಕ್ಕೋ ಹೋಗುವಾಗ ನೀವು ಚಾರ್ಮಾಡಿ, ಶಿರಾಡಿ, ಅರಬೈಲು ಘಟ್ಟ ಇಳಿಯುತ್ತೀರಿ. ಹೊಸದಾಗಿ ಜರಿದ ಮಣ್ಣು, ವಾಲಿದ ಕಂಬ, ಗುಡ್ಡದ ಮೇಲೆ ಬಿರುಕು ಕಂಡರೆ ಸುರಕ್ಷಿತ ಜಾಗ ತಲುಪಿದ ಮೇಲೆ ದೂರದಿಂದಲೇ ಒಂದು ಫೋಟೊ ತೆಗೆಯಿರಿ. ಸರ್ವೇಕ್ಷಣಾ ಸಂಸ್ಥೆಯ ‘ಭೂಸ್ಖಲನ್’ ಆ್ಯಪ್ ಇಂಥ ಮಾಹಿತಿಗೆಂದೇ ಇದೆ. ಆ್ಯಪ್ ಒಗ್ಗದವರು ಅಲ್ಲಿಯ ಗ್ರಾಮ ಪಂಚಾಯಿತಿಗೋ ತಹಶೀಲ್ದಾರ್ ಕಚೇರಿಗೋ ತಿಳಿಸಿ. ಸ್ಥಳ, ದಿನ, ಗೊತ್ತಿದ್ದರೆ ಹೊತ್ತು, ಇಷ್ಟೇ ಸಾಕು. ಹೊತ್ತು ತಿಳಿದರೆ ಎಷ್ಟು ಮಳೆಗೆ ಆ ಮಣ್ಣು ಸಡಿಲಾಯಿತೆಂದು ಮಳೆಮಾಪಕದ ಲೆಕ್ಕದೊಡನೆ ತಾಳೆ ನೋಡಬಹುದು.

ಕೊಡಗಿನ, ಮಲೆನಾಡಿನ ಬಂಧುಗಳೇ, ನಿಮ್ಮ ಮನೆಯ ಹಿರಿಯರಿಗೆ ಯಾವ ಗುಡ್ಡ ಯಾವ ವರ್ಷ ಜರಿಯಿತೆಂಬುದು ನೆನಪಿರುತ್ತದೆ. ಕೇಳಿ ಬರೆದಿಡಿ, ಸರ್ವೆಗೆ ಬಂದವರಿಗೆ ತೋರಿಸಿ. ಹೇಳಿದರೆ ಜಾಗದ ಬೆಲೆ ಬಿದ್ದೀತು ಎಂಬ ಅಳುಕು ಸಹಜವೇ. ಆದರೂ ಆ ಜಾಗದ ಕೆಳಗೆ ನಾಳೆ ಮನೆ ಕಟ್ಟುವವರ ಪರವಾಗಿ ಕೇಳುತ್ತಿದ್ದೇನೆ. ಜೋರು ಮಳೆಯಲ್ಲಿ ತುಂಬಿ ಹರಿಯಬೇಕಾದ ಹಳ್ಳ ತಟ್ಟನೆ ಬತ್ತಿದರೆ ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದಿರಬಹುದು. ಆಗ ಫೋಟೊ ಬೇಡ. ಹಳ್ಳದ ದಂಡೆ ಬಿಟ್ಟು ಮನೆಮಂದಿಯೊಡನೆ ಹೊರಡಿ, ನೆರೆಯವರನ್ನೂ ಕೂಗಿ ಕರೆಯಿರಿ.

ಲಾರಿ, ಕ್ರೂಸರ್ ಓಡಿಸುವ ಚೌಡಾಪುರ, ಅಫಜಲಪುರದ ಚಾಲಕ ಮಿತ್ರರೇ, ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದು ನಿಲ್ಲಿಸಬೇಡಿ. ಬಯಲು ಬರುವವರೆಗೆ ತಾಳಿ, ಅಲ್ಲೂ ಚಹಾ ಸಿಗುತ್ತದೆ. ಘಟ್ಟಕ್ಕೆ ಹೊಸದಾಗಿ ಹೊರಟ ಹುಡುಗರಿಗೂ ಇದನ್ನು ಸ್ಟ್ಯಾಂಡಿನಲ್ಲೇ ಹೇಳಿ ಕಳಿಸಿ.