ಸೋಪು ಕೊಂಡವಳೂ ತೆರಿಗೆ ಕಟ್ಟಿದವಳೇ



'ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಬಿಟ್ಟಿ ಉಂಡು ಓದೋರು' ಅನ್ನೋ ಮಾತು ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಹೊಸದಲ್ಲ. ಕೇಳಿ ತಲೆ ತಗ್ಗಿಸುವವರಿದ್ದಾರೆ, ಸಿಟ್ಟಿಗೇಳುವವರಿದ್ದಾರೆ. ಎರಡೂ ಬೇಡ. ಲೆಕ್ಕ ಹೇಳೋಣ.

ತೆರಿಗೆ ಅಂದರೆ ಸಂಬಳದಾರರ ಆದಾಯ ತೆರಿಗೆ ಒಂದೇ ಅಲ್ಲ. ಅಂಗಡಿಯಲ್ಲಿ ಕೊಳ್ಳುವ ಸಾಮಾನಿನ ಬೆಲೆಯೊಳಗೂ ಅದು ಕೂತಿದೆ. ಹಿಂದೆ ಮಾರಾಟ ತೆರಿಗೆ ಅಂತಿದ್ದರು. ಕರ್ನಾಟಕದಲ್ಲಿ 2005ರಲ್ಲಿ ವ್ಯಾಟ್ ಬಂತು, 2017ರ ಜುಲೈ 1ರಿಂದ ಜಿಎಸ್‌ಟಿ. ಹೆಸರು ಬದಲಾಯ್ತು, ಕೊಡೋರು ಬದಲಾಗಲಿಲ್ಲ. ಅಂಗಡಿಯವನು ನಮ್ಮಿಂದ ಇಸ್ಕೊಂಡು ಸರ್ಕಾರಕ್ಕೆ ದಾಟಿಸುತ್ತಾನೆ, ಅಷ್ಟೇ.

ಈಗ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಮೈಸೋಪಿಗೆ ನೂರಕ್ಕೆ 5. ಮೊದಲು 18 ಇತ್ತು. ಸೋಪಿನ ಮೇಲೆ 42 ರೂಪಾಯಿ ಅಂತ ಅಚ್ಚಾಗಿದ್ದರೆ ತೆರಿಗೆ ಅದರೊಳಗೇ ಸೇರಿದೆ. 42ಕ್ಕೇ ನೂರಕ್ಕೆ 5 ಹಾಕಿದರೆ ತಪ್ಪಾಗುತ್ತದೆ. ನೂರು ರೂಪಾಯಿ ಮಾಲಿಗೆ 5 ಸೇರಿ 105 ಆಗುವುದರಿಂದ, 42ನ್ನು 5ರಿಂದ ಗುಣಿಸಿ 105ರಿಂದ ಭಾಗಿಸಿ. ಬಂದದ್ದು 2 ರೂಪಾಯಿ. ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಸಾಲು ಇರೋದು ಇದೇ.

ಮೊಬೈಲ್ ರೀಚಾರ್ಜಿಗೆ ನೂರಕ್ಕೆ 18. ನೀವು 236 ರೂಪಾಯಿ ಕೊಟ್ಟರೆ 18ರಿಂದ ಗುಣಿಸಿ 118ರಿಂದ ಭಾಗಿಸಿ. 36 ರೂಪಾಯಿ ತೆರಿಗೆ! ನೋಟ್‌ಬುಕ್ಕು, ಪೆನ್ಸಿಲ್ಲಿಗೆ ಈಗ ಏನೂ ಇಲ್ಲ.

ಮೋಸವೂ ಗೊತ್ತಿರಲಿ. ಅಚ್ಚಾದ ಎಂಆರ್‌ಪಿ ಮೇಲೆ 'ಜಿಎಸ್‌ಟಿ ಬೇರೆ' ಅಂದರೆ ಒಪ್ಪಬೇಡಿ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ಅಂಗಡಿ, ಹೋಟೆಲಿನವರು ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ತೆರಿಗೆ ಹಾಕಿದ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಬಿಲ್ಲು ಕೇಳೋದಕ್ಕೆ ಸಂಕೋಚ ಯಾಕೆ?

ಇದರಲ್ಲಿ ಒಂದು ಅನ್ಯಾಯವೂ ಇದೆ. ಎಸ್ಟೇಟಿನ ಧಣಿಗೂ ಆ ಎಸ್ಟೇಟಿನಲ್ಲಿ ಕೂಲಿ ಮಾಡುವ ಅವ್ವನಿಗೂ ಸೋಪಿನ ಮೇಲೆ ಅದೇ ಎರಡು ರೂಪಾಯಿ. ಅವನ ಆದಾಯದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಅವಳ ಕೂಲಿಯಲ್ಲಿ ಅದಕ್ಕೆ ತೂಕ ಇದೆ. ಅವನಿಗೆ ಉಳಿತಾಯ ಉಂಟು. ಅವಳ ಗಳಿಕೆ ಅಂಗಡಿ ಸಾಲಕ್ಕೇ ಮುಗಿಯುತ್ತದೆ.

ಹಾಗಾದರೆ ಹಾಸ್ಟೆಲಿನ ಅನ್ನದಲ್ಲಿ ಯಾರ ದುಡ್ಡಿದೆ? ನಮ್ಮ ಅವ್ವಂದಿರದೂ ಇದೆ, ನಮ್ಮದೂ ಇದೆ. ಒಂದು ಪೈಸೆ ತೆರಿಗೆ ಕಟ್ಟದವನಿಗೂ ಓದುವ ಹಕ್ಕಿದೆ, ಅದು ಬೇರೆ ಮಾತು. ಆದರೆ ಕಟ್ಟಿಯೂ ಕಟ್ಟಿಲ್ಲ ಅನ್ನಿಸಿಕೊಳ್ಳೋದು ಯಾಕೆ? ಈ ತಿಂಗಳು ನಿಮ್ಮ ರೂಮಿನವರೆಲ್ಲ ಕೊಂಡ ಸಾಮಾನು ಬರೆದಿಟ್ಟು, ತೆರಿಗೆ ಎಷ್ಟಾಯ್ತು ಅಂತ ಕೂಡಿ ನೋಡಿ. ಮುಂದಿನ ಸಲ ಆ ಮಾತು ಬಂದಾಗ ಚೀಟಿ ತೆಗೆದು ಓದಿ ಹೇಳಿ.