ಪಿನ್ ಕೇಳಿದ ಮೊಮ್ಮಗ

ಮಕ್ಕಳೇ, ಈ ವಾರ ಕಥೆಯಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಅಜ್ಜ-ಅಜ್ಜಿಯರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಓದಿ. ಮೊಮ್ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಬಾರದೆಂದು ಅವನ ಕರಾರು.

ಮಾಚೇನಹಳ್ಳಿಯ ಹಾಲಿನ ಡೇರಿಯ ಕಡೆ ನನ್ನ ಸಂಜೆಯ ವಾಕಿಂಗ್. ಮೊನ್ನೆ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದೆ. ಎಂಟನೇ ತರಗತಿಯ ಮೊಮ್ಮಗ ಹತ್ತಿರ ಬಂದು, "ಅಜ್ಜ, ನಿನ್ನ ಫೋನಿನ ಯುಪಿಐ ಪಿನ್ ಹೇಳ್ತೀಯಾ?" ಎಂದ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. "ಪಿನ್ ಬ್ರಹ್ಮನಿಗೂ ಹೇಳಲ್ಲ. ದುಡ್ಡು ಯಾಕೆ ಬೇಕು, ಅದನ್ನು ಹೇಳು" ಎಂದೆ. ಹುಡುಗನ ಕಣ್ಣು ತುಂಬಿತು.

ಹದಿನೈದು ದಿನದಿಂದ ಅವನು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಆಟಕ್ಕೂ ಹೋಗುತ್ತಿರಲಿಲ್ಲ. ಪರೀಕ್ಷೆಯ ಚಿಂತೆ ಇರಬೇಕೆಂದು ಅವನಮ್ಮ ಸುಮ್ಮನಿದ್ದಳು. ಕಾರಣ ಬೇರೆಯೇ ಇತ್ತು. ಮೊಬೈಲಿನಲ್ಲಿ ಬಿಳಿ ಕೋಟು ತೊಟ್ಟ ಒಬ್ಬಾತ ಹೇಳಿದ್ದನಂತೆ: ಮುಖದಲ್ಲಿ ಮೊಡವೆ ಎದ್ದರೆ, ನಿದ್ದೆಯಲ್ಲಿ ಬಟ್ಟೆ ಒದ್ದೆಯಾದರೆ ಮೈಯ ಶಕ್ತಿಯೆಲ್ಲ ಸೋರಿಹೋಗುತ್ತಿದೆ ಎಂದರ್ಥ, ಅಂಥ ಹುಡುಗರು ಕುಳ್ಳರಾಗಿಯೇ ಉಳಿಯುತ್ತಾರೆ, ಅದಕ್ಕೊಂದು ಪುಡಿಯಿದೆ, ಬೆಲೆ 1,499 ರೂಪಾಯಿ, ಇವತ್ತೇ ಕೊನೆಯ ದಿನ. ಒಂದು ವಿಡಿಯೊ ನೋಡಿದ್ದಕ್ಕೆ ಮಾರನೆಯ ದಿನ ಅಂಥವೇ ಹತ್ತು ಬಂದವು. ಹತ್ತು ಜನ ಹೇಳಿದ ಮೇಲೆ ನಿಜವೇ ಇರಬೇಕೆಂದು ಮಗು ನಂಬಿಬಿಟ್ಟಿತು.

ನನಗೆ ನಗು ಬರಲಿಲ್ಲ. ಅವನ ವಯಸ್ಸಿನಲ್ಲಿ ನಾನೂ ಇದೇ ಹೆದರಿಕೆಯಲ್ಲಿ ಬೆಂದಿದ್ದೆ. ಆಗ ಮೊಬೈಲ್ ಇರಲಿಲ್ಲ, ಬಸ್ ಸ್ಟ್ಯಾಂಡಿನ ಗೋಡೆಯಿತ್ತು. ಗೋಡೆಯ ಮೇಲಿನ ಜಾಹೀರಾತು ಓದಿ, ಶಾಲೆಯ ಫೀಸಿನ ದುಡ್ಡಿನಲ್ಲಿ ಲೇಹ್ಯ ತಂದು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದೆ. ಅಪ್ಪನ ಕೈಯಲ್ಲಿ ಏಟು ಬಿತ್ತು. ಯಾಕೆ ತಂದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನನ್ನ ತಂಗಿಯ ಪಾಡು ಇನ್ನೂ ಕಷ್ಟದ್ದು. ಮೊದಲ ಸಲ ಮುಟ್ಟಾದಾಗ ಸತ್ತೇಹೋಗುತ್ತೇನೆಂದು ಹಿತ್ತಿಲಿನಲ್ಲಿ ಕೂತು ಅತ್ತಿದ್ದಳು. ಅವಳಿಗೂ ಯಾರೂ ಮುಂಚೆ ಹೇಳಿರಲಿಲ್ಲ.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. "ನಿನಗೂ ಹೀಗಾಗಿತ್ತಾ ಅಜ್ಜ?" ಎಂದು ಕಣ್ಣೊರೆಸಿಕೊಂಡ.

ಮಾರನೆಯ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ಮಾತ್ರೆಯನ್ನೂ ಬರೆಯಲಿಲ್ಲ, ಹತ್ತು ನಿಮಿಷ ಮಾತಾಡಿದರು. ಹೆಣ್ಣುಮಕ್ಕಳು ಸಾಮಾನ್ಯವಾಗಿ 8ರಿಂದ 13ರೊಳಗೆ, ಗಂಡುಮಕ್ಕಳು 9ರಿಂದ 14ರೊಳಗೆ ದೊಡ್ಡವರಾಗಲು ಶುರುವಾಗುತ್ತಾರೆ. ಮೊಡವೆ, ಒಡೆದ ದನಿ, ಮುಟ್ಟು, ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುವುದು, ಇವು ಯಾವುವೂ ರೋಗವಲ್ಲ, ಇದರಿಂದ ಶಕ್ತಿ ಹೋಗುವುದೂ ಇಲ್ಲ.

ಹಾಗಾದರೆ ಮೊಬೈಲನ್ನು ಬಾವಿಗೆ ಹಾಕೋಣವೇ? ಬೇಡ. ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಮಕ್ಕಳಿಗಾಗಿ 'ದಿನಕ್ಕೊಂದು ಕಥೆ' ಬರೆದರು, ಬೆಳೆಯುವ ಹುಡುಗಿಯರಿಗಾಗಿ 'ಕೇಳು ಕಿಶೋರಿ' ಬರೆದರು. ಅಂದು ಪುಸ್ತಕ ಮಾಡಿದ ಕೆಲಸವನ್ನು ಇಂದು ಮೊಬೈಲೂ ಮಾಡಬಲ್ಲದು. ಕನ್ನಡದಲ್ಲೇ ತಿಳಿಯಹೇಳುವ ಡಾಕ್ಟರುಗಳು ಯೂಟ್ಯೂಬಿನಲ್ಲಿದ್ದಾರೆ. ಕೇಂದ್ರ ಆರೋಗ್ಯ ಇಲಾಖೆ 2017ರಲ್ಲಿ ಹದಿಹರೆಯದವರಿಗೆಂದೇ 'ಸಾಥಿಯಾ ಸಲಾಹ್' ಎಂಬ ಆ್ಯಪ್ ತಂದಿತು. ಒಳ್ಳೆಯದೂ ಕೆಟ್ಟದ್ದೂ ಒಂದೇ ಪರದೆಯ ಮೇಲೆ ಬರುತ್ತವೆ. ಆರಿಸಲು ಬರಬೇಕು, ಅಷ್ಟೆ.

ಕ್ಯಾಶ್ ಕೌಂಟರಿನಲ್ಲಿ ಅನುಮಾನದ ನೋಟು ಬಂದರೆ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ವಿಡಿಯೊವನ್ನೂ ಹಾಗೆಯೇ ನೋಡಿ. ಹೇಳುವವರು ಯಾರು, ಹೆಸರು, ಓದು, ಆಸ್ಪತ್ರೆ ಗೊತ್ತಾಗುತ್ತದೆಯೇ? ಮೊದಲು ಹೆದರಿಸಿ ಆಮೇಲೆ ಏನಾದರೂ ಮಾರುತ್ತಾರೆಯೇ? ಮನೆಯಲ್ಲಿ ಹೇಳಬೇಡ ಎನ್ನುತ್ತಾರೆಯೇ? ಕೊನೆಯ ಎರಡಕ್ಕೆ ಹೌದು ಎಂದಾದರೆ ಅದು ಖೋಟಾ ನೋಟು. ಎತ್ತರ ಬೆಳೆಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನೇ 1954ರ ಕಾನೂನು ನಿಷೇಧಿಸಿದೆ. ನಾನು ಅಂಬೆಗಾಲಿಡುತ್ತಿದ್ದಾಗಿನ ಕಾನೂನು ಅದು!

ಕೇಳಲು ಜಾಗಗಳೂ ಇವೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿಯೇ ಇದೆ. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ 'ಸ್ನೇಹಾ ಕ್ಲಿನಿಕ್' ಎಂಬ ಹೆಸರು. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ, ಮೊಬೈಲಿನಲ್ಲಿ ನಿಮ್ಮ ಫೋಟೊ ಕೇಳಿ ಪೀಡಿಸಿದರೆ, ತಪ್ಪು ನಿಮ್ಮದಲ್ಲ. ಮನೆಯವರಿಗೆ ಹೇಳಿ. ಹೇಳಲಾಗದಿದ್ದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಅಜ್ಜ-ಅಜ್ಜಿಯರಲ್ಲಿ ಒಂದು ಮಾತು. ಮಗು ಇಂಥದ್ದು ಕೇಳಿದಾಗ "ಛೀ, ಹೋಗು" ಎನ್ನಬೇಡಿ. ನಾವು ಓಡಿಸಿದ ಮಗು ನೇರ ಹೋಗುವುದು ಆ ಬಿಳಿ ಕೋಟಿನವನ ಬಳಿಗೇ. ಉತ್ತರ ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ಇಬ್ಬರೂ ಹೋಗಿ ಕೇಳೋಣ ಬಾ" ಎಂದರೆ ಸಾಕು.

ಆಸ್ಪತ್ರೆಯಿಂದ ಬಂದವನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಬ್ಯಾಟು ಹಿಡಿದು ಓಡಿದ. 1,499 ರೂಪಾಯಿ ನನ್ನ ಖಾತೆಯಲ್ಲೇ ಇದೆ. ಪಿನ್ ಮಾತ್ರ ಅವನಿಗೆ ಇನ್ನೂ ಹೇಳಿಲ್ಲ.