ಹಿಂದಿನ ಸೀಟಿಗೆ ಗ್ರೈಂಡರ್ ಹಿಡಿಯುವ ಮೊದಲು

ಯುವ ಮಿತ್ರರೇ, ಬೈಕಿಗೆ ಕೈ ಹಚ್ಚಬೇಡಿ ಎಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಆ ಕೆಲಸಕ್ಕೆ ಮನೆಯಲ್ಲಿ ಅಪ್ಪ ಇದ್ದಾರೆ, ರಸ್ತೆಯಲ್ಲಿ ಎಂವಿಡಿಯವರಿದ್ದಾರೆ. ಹಿಂದಿನ ಸೀಟು ತೆಗೆದು, ಸ್ಪ್ರಿಂಗ್ ಇರುವ ಸಿಂಗಲ್ ಸೀಟನ್ನು ಮಾತ್ರ ಉಳಿಸಿಕೊಂಡ ಕ್ಲಾಸಿಕ್ 350 ಚಂದ ಕಾಣುತ್ತದೆ. ಇಲ್ಲ ಎಂದರೆ ಸುಳ್ಳಾದೀತು. ನಮ್ಮ ತಕರಾರು ಚಂದದ ಬಗ್ಗೆ ಅಲ್ಲ, ಮಾಡುವ ಕ್ರಮದ ಬಗ್ಗೆ.

ನಮ್ಮ ಕಾಸರಗೋಡು ಕಡೆ ಈ ಕೆಲಸ ನಡೆಯುವುದು ಹೀಗೆ. ಮೊದಲು ಹಿಂದಿನ ಸೀಟು, ಹಿಂದೆ ಕೂತವರ ಫುಟ್‌ರೆಸ್ಟ್, ಸಾರಿ ಗಾರ್ಡ್ ಗುಜರಿಗೆ. ಆಮೇಲೆ ಮಡ್‌ಗಾರ್ಡ್ ಅರ್ಧ ಕಟ್. ಫ್ರೇಮಿನ ಹಿಂಭಾಗವನ್ನು ಗ್ರೈಂಡರಿನಲ್ಲಿ ಕೊಯ್ದು, ಬಾಗಿಸಿದ ಪೈಪೊಂದನ್ನು ವೆಲ್ಡ್ ಮಾಡುತ್ತಾರೆ. ಕೊನೆಗೆ ಹಿಂದುಗಡೆ ತಗ್ಗಿ ಕಾಣಲೆಂದು ಎರಡು ಇಂಚು ಗಿಡ್ಡದ ಶಾಕ್ ಅಬ್ಸಾರ್ಬರ್. ಬೋಲ್ಟ್ ಬಿಚ್ಚಿ ತೆಗೆದದ್ದನ್ನು ನಾಳೆ ಮತ್ತೆ ಹಾಕಬಹುದು. ಕೊಯ್ದ ಫ್ರೇಮು ಮೊದಲಿನಂತಾಗದು.

ಗಿಡ್ಡ ಶಾಕಿನ ಲೆಕ್ಕ ನೋಡಿ. 2009ರಲ್ಲಿ ಬಂದ ಕ್ಲಾಸಿಕ್‌ನ ಹಿಂದಿನ ಶಾಕ್ ಓಡಾಡುವುದೇ 80 ಮಿ.ಮೀ. ಎರಡು ಇಂಚು ಎಂದರೆ 50 ಮಿ.ಮೀ. ಅಷ್ಟು ತಗ್ಗಿಸಿದ ಮೇಲೆ ಒಂದೋ ದೊಡ್ಡ ಹೊಂಡದಲ್ಲಿ ಟಯರು ಮಡ್‌ಗಾರ್ಡಿಗೆ ಬಡಿಯುತ್ತದೆ, ಇಲ್ಲವೇ ಶಾಕೇ ತಳ ಮುಟ್ಟಿ ಬೆನ್ನಿಗೆ ಗುದ್ದುತ್ತದೆ. ಹಿಂದೆ ತಗ್ಗಿದಾಗ ಮುಂದಿನ ಫೋರ್ಕ್ ಹೆಚ್ಚು ಮಲಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ತಡವಾಗಿ ಮಾತು ಕೇಳುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಬೈಕು ವಾಲುವುದು ಕಡಿಮೆಯಾಗಿ, ಏರುತಗ್ಗಿನ ಮುರಕಲ್ಲಿನ ಅಂಗಳದಲ್ಲಿ ಆಚೆ ಬದಿಗೆ ಬೀಳಲು ಸಣ್ಣ ತಳ್ಳು ಸಾಕು.

ಸೀಟಿನಡಿ ಎರಡು ಸ್ಪ್ರಿಂಗ್ ಇದೆಯಲ್ಲ, ಶಾಕ್ ಯಾಕೆ ಎನ್ನುವವರೂ ಇದ್ದಾರೆ. ಆ ಸ್ಪ್ರಿಂಗ್ ಕಾಯುವುದು ನಿಮ್ಮ ಸೊಂಟವನ್ನು. ಟಯರನ್ನು ರಸ್ತೆಗೆ ಒತ್ತಿ ಹಿಡಿಯುವುದು ಶಾಕ್. ಹಿಂದೆ ಸಸ್ಪೆನ್ಶನ್ನೇ ಇಲ್ಲದ ಗಟ್ಟಿ ಫ್ರೇಮುಗಳ ಕಾಲದಲ್ಲಿ ಸೀಟಿನ ಸ್ಪ್ರಿಂಗೇ ಗತಿಯಾಗಿತ್ತು. 1949ರ ಬುಲೆಟ್ ಸ್ವಿಂಗ್ ಆರ್ಮ್‌ನೊಂದಿಗೆ ಬಂದದ್ದು ಆ ಕಷ್ಟ ಬೇಡವೆಂದೇ. ಈಗ ನಾವು ದುಡ್ಡು ಕೊಟ್ಟು ಹಿಂದಕ್ಕೆ ಹೋಗುತ್ತಿದ್ದೇವೆ!

ಖರ್ಚಿಲ್ಲದ ದಾರಿ ಬೈಕಿನಲ್ಲೇ ಇದೆ. ಶಾಕಿನ ಮೇಲೆ ಐದು ಹಂತದ ಕಾಲರ್ ಇದೆ. ಶೋರೂಮಿನಿಂದ ಬಂದ ದಿನದಿಂದ ಅದನ್ನು ತಿರುಗಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ, ಅದರ ಆಕ್ಸಲ್ ನಟ್ಟಿನಿಂದ ನೇರ ಮೇಲೆ ಫ್ರೇಮಿನ ಒಂದು ಗುರುತಿನವರೆಗೆ ಟೇಪಿನಲ್ಲಿ ಅಳೆಯಿರಿ. ಆಮೇಲೆ ಸ್ಟ್ಯಾಂಡಿನಿಂದ ಇಳಿಸಿ, ಹೆಲ್ಮೆಟ್ ಹಾಕಿ ಕೂತು, ಗೆಳೆಯನ ಕೈಯಲ್ಲಿ ಮತ್ತೆ ಅಳೆಸಿ. ವ್ಯತ್ಯಾಸ 20ರಿಂದ 27 ಮಿ.ಮೀ. ಒಳಗೆ, ಅಂದರೆ ಓಡಾಟದ ಕಾಲರಿಂದ ಮೂರನೇ ಒಂದು ಪಾಲು ಇದ್ದರೆ ಸರಿ. ಜಾಸ್ತಿಯಾದರೆ ಕಾಲರ್ ಒಂದು ಹಂತ ಮೇಲೆ, ಕಮ್ಮಿಯಾದರೆ ಕೆಳಗೆ. ಇದರಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಹುಕ್‌ನ ನಿಯಮ ಓದಿದವರಿಗೆ ಗೊತ್ತು, ಆ ಸ್ಥಿರಾಂಕ ಬದಲಾಗದು. ಬೈಕು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಇಬ್ಬರು ಹೋಗುವ ದಿನ ಒಂದೆರಡು ಹಂತ ಏರಿಸಿಕೊಳ್ಳಿ.

ಕಾನೂನಿನ ಮಾತು ಚುಟುಕಾಗಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದ್ದು ನಮ್ಮ ಕೇರಳದಿಂದ ಹೋದ ಕೇಸಿನಲ್ಲೇ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಆರ್‌ಸಿಯಲ್ಲಿ ಸೀಟು ಎರಡು ಎಂದಿದೆ. ಹಿಂದೆ ಕೂತವರಿಗೆ ಹಿಡಿ, ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರ ಮುಚ್ಚುವ ಗಾರ್ಡ್ ಬೇಕೆಂದು ನಿಯಮ 123 ಹೇಳುತ್ತದೆ. ತಲಪಾಡಿ ದಾಟಿದರೆ ಪೊಲೀಸರು ಬೇರೆ, ಕಾಯ್ದೆ ಅದೇ.

ದಂಡಕ್ಕಿಂತ ನಮಗೆ ದೊಡ್ಡದು ಆ ಎರಡನೇ ಸೀಟು. ವರ್ಕಾಡಿ, ಪೈವಳಿಕೆಯ ಒಳದಾರಿಗಳಲ್ಲಿ ಒಂದು ಬಸ್ಸು ತಪ್ಪಿದರೆ ಬೈಕೇ ಗತಿ. ದೇರ್ಲಕಟ್ಟೆಗೆ ರಕ್ತ ಕೊಡಲು ಓಡುವಾಗ ಯಾರದ್ದೋ ಬೈಕಿನ ಹಿಂದೆ ಕೂತೇ ಹೋಗುತ್ತೇವೆ. ಪೂಜೆ ಮುಗಿದ ಮೇಲೆ ಅಜ್ಜಿಯೊಬ್ಬರು ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದರೆ, ಸಿಂಗಲ್ ಸೀಟಿನವನು ಹಾರ್ನ್ ಹೊಡೆದು ನಮಸ್ಕಾರ ಹೇಳಬಹುದು, ಅಷ್ಟೇ. ಸೀಟಿಲ್ಲದ ಮಡ್‌ಗಾರ್ಡಿನ ಮೇಲೆ ಗೆಳೆಯನನ್ನು ಕೂರಿಸುವುದು ಇನ್ನೂ ಕೆಟ್ಟದ್ದು.

ಆಸೆ ತಡೆಯದಿದ್ದರೆ ಸೀಟಿಗೆ ಮಾತ್ರ ಕೈ ಹಾಕಿ. ಕ್ಲಾಸಿಕ್‌ನ ಹಿಂದಿನ ಸೀಟು ಬೋಲ್ಟ್ ಬಿಚ್ಚಿ ತೆಗೆಯುವಂಥದ್ದೇ. ಫುಟ್‌ರೆಸ್ಟ್, ಸಾರಿ ಗಾರ್ಡ್, ಫ್ರೇಮು ಇದ್ದಲ್ಲೇ ಇರಲಿ. ತೆಗೆದ ಸೀಟನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಅದರ ಬೋಲ್ಟಿಗೆ ಕೂರುವ ಸ್ಪ್ಯಾನರನ್ನು ಬೈಕಿನ ಟೂಲ್ ಬಾಕ್ಸಿನಲ್ಲೇ ಇಟ್ಟುಕೊಳ್ಳಿ.